ದಾದರ್‌ನ ಮುದ್ರಣಾಲಯ ಮತ್ತು ಕನ್ನಡಕ್ಕೆ ಇನ್ನೂ ಬರಬೇಕಾದ ಪುಟಗಳು

ಪ್ರತಿವರ್ಷ ಡಿಸೆಂಬರ್ ತಿಂಗಳ ಮೊದಲ ವಾರ ಬಂತೆಂದರೆ ದಾದರ್ ಪರಿಸರದ ಚಹರೆಯೇ ಬದಲಾಗುತ್ತದೆ. ಡಿಸೆಂಬರ್ 6 ಡಾ. ಬಾಬಾಸಾಹೇಬ್ ಅಂಬೇಡ್ಕರ್ ಅವರ ಮಹಾಪರಿನಿರ್ವಾಣ ದಿನ. ದಾದರ್ ಚೌಪಾಟಿಯ ಚೈತ್ಯಭೂಮಿಗೆ ದೇಶದ ಮೂಲೆಮೂಲೆಗಳಿಂದ ಜನಸಾಗರ ಹರಿದುಬರುತ್ತದೆ. ರೈಲ್ವೆ ಇಲಾಖೆ ವಿಶೇಷ ಗಾಡಿಗಳನ್ನು ಓಡಿಸುತ್ತದೆ. ನಾಗಪುರ, ಸೋಲಾಪುರಗಳಿಂದ ಮಾತ್ರವಲ್ಲ, ನಮ್ಮ ಕಲಬುರಗಿಯಿಂದಲೂ ಗಾಡಿ ಬಿಟ್ಟದ್ದುಂಟು. ಬಂದವರು ಸಮಾಧಿಗೆ ನಮಿಸಿ, ಶಿವಾಜಿ ಪಾರ್ಕ್ ಮೈದಾನದತ್ತ ತಿರುಗುತ್ತಾರೆ. ಅಲ್ಲಿ ಅವರಿಗಾಗಿ ಕಾದಿರುವುದು ಪುಸ್ತಕಗಳು. ಸಾಲುಸಾಲು ಮಳಿಗೆಗಳು, ನೆಲದ ಮೇಲೆ ಹಾಸಿದ ತಾಡಪಾಲುಗಳ ಮೇಲೆ ಕಿರುಹೊತ್ತಗೆಗಳ ರಾಶಿ. ಕೂಲಿ ಮಾಡಿ ಉಳಿಸಿದ ಹಣದಲ್ಲಿ ಮೊದಲು ಪುಸ್ತಕ ಕೊಳ್ಳುವ ಇಂಥ ಜಾತ್ರೆ ದೇಶದಲ್ಲಿ ಮತ್ತೊಂದು ಇರಲಾರದು.

ಈ ರಾಶಿಯಲ್ಲಿ ಮರಾಠಿ ಹೆಚ್ಚು, ಹಿಂದಿ ಅದರ ನಂತರ, ಇಂಗ್ಲಿಷ್ ಅಲ್ಲಲ್ಲಿ. ಕನ್ನಡ ಹುಡುಕಬೇಕು. ದಾದರ್, ನಾಯಗಾಂವ್, ಮಾಟುಂಗಾ, ಮಾಹಿಮ್ ಪರಿಸರದಲ್ಲಿ ಮೂರು ನಾಲ್ಕು ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಮಟ್ಟಿಗೆ ಇದು ಯೋಚಿಸಬೇಕಾದ ಸಂಗತಿ. ಏಕೆಂದರೆ ಅಂಬೇಡ್ಕರ್ ಅವರು ಬರೆದದ್ದರಲ್ಲಿ ಬಹುಭಾಗವನ್ನು ಇಂದು ಯಾರು ಬೇಕಾದರೂ ಅಚ್ಚು ಹಾಕಬಹುದು, ಅನುವಾದಿಸಬಹುದು, ಹಂಚಬಹುದು. ಕಾನೂನಿನ ಅಡ್ಡಿ ಇಲ್ಲ. ಅದಕ್ಕೆ ಬೇಕಾದ ಸಾಧನಗಳೂ ಪುಕ್ಕಟೆಯಾಗಿ ಲಭ್ಯ. ಬೇಕಾಗಿರುವುದು ಮರಾಠಿ ಮತ್ತು ಕನ್ನಡ ಎರಡನ್ನೂ ಬಲ್ಲವರು. ಅಂಥವರು ಮುಂಬಯಿಯಲ್ಲಿ ಇರುವಷ್ಟು ಬೇರೆಲ್ಲಿ ಸಿಗಬೇಕು?

ಸ್ವಂತ ಅಚ್ಚುಕೂಟದ ಅಗತ್ಯ

ಹೊರಗಿಡಲ್ಪಟ್ಟವರು ತಮ್ಮ ಮಾತನ್ನು ತಾವೇ ಅಚ್ಚು ಹಾಕಿಕೊಳ್ಳಬೇಕಾದ ಪರಿಸ್ಥಿತಿ ಹೊಸದೇನಲ್ಲ. 1920ರ ಜನವರಿ 31ರಂದು ಅಂಬೇಡ್ಕರ್ ಅವರು ‘ಮೂಕನಾಯಕ’ ಎಂಬ ಮರಾಠಿ ಪಾಕ್ಷಿಕವನ್ನು ಮುಂಬಯಿಯಲ್ಲಿ ಹೊರಡಿಸಿದರು. ಕೊಲ್ಲಾಪುರದ ಶಾಹೂ ಮಹಾರಾಜರು 2,500 ರೂಪಾಯಿ ನೆರವು ನೀಡಿದ್ದರು. ಅಂದಿನ ಹೆಸರಾಂತ ಪತ್ರಿಕೆ ‘ಕೇಸರಿ’ಯಲ್ಲಿ ಹಣ ಕೊಟ್ಟು ಜಾಹೀರಾತು ಹಾಕಿಸಲು ಹೊರಟರೂ ಅದಕ್ಕೆ ಜಾಗ ಸಿಗಲಿಲ್ಲವೆಂಬುದನ್ನು ಅಂಬೇಡ್ಕರ್ ಅವರೇ ಮುಂದೆ ದಾಖಲಿಸಿದ್ದಾರೆ. ‘ಮೂಕನಾಯಕ’ ಹೆಚ್ಚು ಕಾಲ ಬಾಳಲಿಲ್ಲ. 1927ರ ಏಪ್ರಿಲ್ 3ರಂದು ‘ಬಹಿಷ್ಕೃತ ಭಾರತ’ ಬಂತು. ಸಂಪಾದಕೀಯದಿಂದ ಹಿಡಿದು ಹೆಚ್ಚಿನ ಅಂಕಣಗಳನ್ನು ಅವರೊಬ್ಬರೇ ತುಂಬಬೇಕಾಗಿತ್ತು. ವಕೀಲಿ, ಕಾಲೇಜಿನ ಪಾಠ, ಮಹಾಡ್ ಸತ್ಯಾಗ್ರಹ, ನಡುವೆ ಪತ್ರಿಕೆ. ಅದೂ 1929ರಲ್ಲಿ ನಿಂತಿತು. ಬಳಿಕ 1930ರಲ್ಲಿ ‘ಜನತಾ’. ಅದೇ ಪತ್ರಿಕೆ 1956ರ ಫೆಬ್ರವರಿಯಲ್ಲಿ ‘ಪ್ರಬುದ್ಧ ಭಾರತ’ವೆಂಬ ಹೆಸರು ಪಡೆಯಿತು.

ಪತ್ರಿಕೆ ನಡೆಸುವವನಿಗೆ ಅಚ್ಚುಕೂಟ ಬೇರೆಯವರದಾದರೆ ಆಗುವ ಕಷ್ಟ ಗೊತ್ತಿದ್ದೇ ಅಂಬೇಡ್ಕರ್ ಅವರು ‘ಭಾರತ್ ಭೂಷಣ್ ಪ್ರಿಂಟಿಂಗ್ ಪ್ರೆಸ್’ ಸ್ಥಾಪಿಸಿದರು. 1940ರ ದಶಕದ ಗಲಭೆಯೊಂದರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಮತ್ತೆ ಎದ್ದು ನಿಂತಿತು. ಬೌದ್ಧ ಧರ್ಮ ಸ್ವೀಕಾರದ ಕಾಲಕ್ಕೆ ‘ಬುದ್ಧ ಭೂಷಣ್’ ಎಂದಾಯಿತು. ದಾದರ್ ಪೂರ್ವದ ಗೋಕುಲದಾಸ್ ಪಾಸ್ತಾ ರಸ್ತೆಯ ಅಂಬೇಡ್ಕರ್ ಭವನದ ಆವರಣದಲ್ಲಿ ಅದರ ನೆಲೆಯಿತ್ತು. ಹಿಂದೂ ಕಾಲನಿಯ ರಾಜಗೃಹದಿಂದ, ಅಂದರೆ ಐವತ್ತು ಸಾವಿರದಷ್ಟು ಪುಸ್ತಕಗಳ ಮಧ್ಯೆ ಅವರು ಬದುಕಿದ ಮನೆಯಿಂದ, ಅಲ್ಲಿಗೆ ನಡೆದು ಹೋಗಬಹುದು. ಆ ಭವನವನ್ನೂ ಮುದ್ರಣಾಲಯವನ್ನೂ 2016ರ ಜೂನ್ 25ರ ನಸುಕಿನಲ್ಲಿ ಕೆಡವಲಾಯಿತು. ಕಟ್ಟಡ ಶಿಥಿಲವಾಗಿತ್ತು, ಅಲ್ಲಿ ಹೊಸದನ್ನು ಕಟ್ಟುವುದಿದೆ ಎಂದು ಟ್ರಸ್ಟ್ ಹೇಳಿತು. ಅಂಬೇಡ್ಕರ್ ಕುಟುಂಬದವರೂ ಅನುಯಾಯಿಗಳೂ ಪ್ರತಿಭಟಿಸಿದರು. ಜುಲೈಯಲ್ಲಿ ಮುಂಬಯಿ ಬೃಹತ್ ಮೆರವಣಿಗೆಯನ್ನು ಕಂಡಿತು. ವಾದ ವಿವಾದ ಏನೇ ಇರಲಿ, ಒಂದು ಯಂತ್ರ ಮತ್ತು ನಾಲ್ಕು ಗೋಡೆಯನ್ನು ನಂಬಿಕೊಂಡ ಪ್ರಕಟಣೆಗೆ ಎಷ್ಟು ಆಯುಸ್ಸು ಎಂಬ ಪ್ರಶ್ನೆಯನ್ನು ಅದು ಉಳಿಸಿಹೋಯಿತು.

ಎರಡು ತಿಂಗಳಲ್ಲಿ 1,500 ಪ್ರತಿ

ಇದೇ ದಾದರ್‌ನಲ್ಲಿ ಹುಟ್ಟಿದ ಇನ್ನೊಂದು ಪುಸ್ತಕದ ಕತೆಯನ್ನು ಇಲ್ಲಿ ಹೇಳಲೇಬೇಕು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲವು 1936ರ ತನ್ನ ವಾರ್ಷಿಕ ಸಮ್ಮೇಳನಕ್ಕೆ ಅಂಬೇಡ್ಕರ್ ಅವರನ್ನು ಅಧ್ಯಕ್ಷರನ್ನಾಗಿ ಕರೆದಿತ್ತು. ಅಧ್ಯಕ್ಷ ಭಾಷಣದ ಬರಹ ಮೊದಲೇ ಕೈಸೇರಿದಾಗ ಮಂಡಲದವರು ಗಾಬರಿಯಾದರು. ಕೆಲವು ಭಾಗಗಳನ್ನು ಕೈಬಿಡಿ ಎಂದರು. ಅಂಬೇಡ್ಕರ್ ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಡಲಾಗದ ಆ ಭಾಷಣವನ್ನು ಅವರು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿದರು. ಅದೇ ‘ಅನೈಹಿಲೇಶನ್ ಆಫ್ ಕಾಸ್ಟ್’, ಕನ್ನಡದಲ್ಲಿ ‘ಜಾತಿ ವಿನಾಶ’ ಎಂದು ಪರಿಚಿತವಾದ ಕೃತಿ. 1,500 ಪ್ರತಿಗಳು ಎರಡೇ ತಿಂಗಳಲ್ಲಿ ಖರ್ಚಾದವು.

1937ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಅಂಬೇಡ್ಕರ್ ಅವರು ಪುಸ್ತಕ ಯಾವ ಯಾವ ಭಾಷೆಗೆ ಹೋಯಿತೆಂದು ಲೆಕ್ಕ ಕೊಡುತ್ತಾರೆ. ಗುಜರಾತಿ ಮತ್ತು ತಮಿಳಿಗೆ ಆಗಲೇ ಆಗಿತ್ತು. ಮರಾಠಿ, ಹಿಂದಿ, ಪಂಜಾಬಿ, ಮಲಯಾಳಕ್ಕೆ ಆಗುತ್ತಲಿತ್ತು. ತಮಿಳಿನಲ್ಲಿ ಅದನ್ನು ಓದುಗರಿಗೆ ಮುಟ್ಟಿಸಿದವರು ಪೆರಿಯಾರ್, ತಮ್ಮ ‘ಕುಡಿ ಅರಸು’ ಪತ್ರಿಕೆಯ ಮೂಲಕ. ಆರು ಭಾಷೆಗಳ ಆ ಪಟ್ಟಿಯಲ್ಲಿ ಕನ್ನಡದ ಹೆಸರಿಲ್ಲ. ಹಾಗೆಂದು ಕನ್ನಡನಾಡು ಅವರಿಗೆ ದೂರವೇನೂ ಆಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಆಗ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅವರ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ನಡೆಸಿದ ವಿದ್ಯಾರ್ಥಿ ನಿಲಯಗಳಲ್ಲಿ ಒಂದು ಧಾರವಾಡದಲ್ಲಿತ್ತು. ನಿಪ್ಪಾಣಿಯಲ್ಲಿ ಅವರಿಗೆ ಆಪ್ತ ಸಹಕಾರಿಗಳಿದ್ದರು. ಜನ ಹತ್ತಿರದವರೇ, ಪುಸ್ತಕ ಮಾತ್ರ ತಡವಾಯಿತು.

ಕನ್ನಡ ಆಮೇಲೆ ಸಾಕಷ್ಟು ದಾರಿ ಕ್ರಮಿಸಿತೆನ್ನಿ. 1970ರ ದಶಕದ ದಲಿತ ಸಂಘರ್ಷ ಸಮಿತಿ, ಅದರ ಬೆನ್ನಿಗೆ ನಿಂತ ‘ಪಂಚಮ’ ಪತ್ರಿಕೆ, ಕರ್ನಾಟಕ ಸರಕಾರ ಹೊರತಂದ ಅಂಬೇಡ್ಕರ್ ಬರಹ-ಭಾಷಣಗಳ ಕನ್ನಡ ಸಂಪುಟಗಳು, ಇವೆಲ್ಲ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ಮರಾಠಿಯ ದಯಾ ಪವಾರ, ಲಕ್ಷ್ಮಣ ಗಾಯಕವಾಡ, ಶರಣಕುಮಾರ ಲಿಂಬಾಳೆ ಮುಂತಾದವರ ಆತ್ಮಕಥನಗಳೂ ಕನ್ನಡಕ್ಕೆ ಬಂದು ಮನೆಮಾತಾದವು. ಆದರೆ ಅನುವಾದ ಇದೆ ಎನ್ನುವುದು ಬೇರೆ, ಅದು ಬೇಕೆಂದಾಗ ಬೇಕಾದವರ ಕೈಗೆ ಸಿಗುವುದು ಬೇರೆ.

ಗೋದಾಮಿನಲ್ಲಿ ಉಳಿದ ಕಾಗದ

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದಕ್ಕೆ ಮಹಾರಾಷ್ಟ್ರದ್ದೇ ಉದಾಹರಣೆಯಿದೆ. ರಾಜ್ಯ ಸರಕಾರ ಅಂಬೇಡ್ಕರ್ ಅವರ ಸಮಗ್ರ ಬರಹಗಳ ಮೊದಲ ಇಂಗ್ಲಿಷ್ ಸಂಪುಟವನ್ನು 1979ರ ಏಪ್ರಿಲ್ 14ರಂದು ಹೊರತಂದಿತು. ಸಂಪಾದಕರು ವಸಂತ ಮೂನ್. ಸರಕಾರಿ ನೌಕರಿಯಲ್ಲಿದ್ದ ಈ ನಾಗಪುರದ ಕಾರ್ಯಕರ್ತ ಪೆಟ್ಟಿಗೆಗಳಲ್ಲಿ ಕೊಳೆಯುತ್ತಿದ್ದ ಹಸ್ತಪ್ರತಿಗಳನ್ನು ಒಂದೊಂದಾಗಿ ಜೋಡಿಸಿ ಮಾಡಿದ ಕೆಲಸಕ್ಕೆ ಬೆಲೆ ಕಟ್ಟಲಾಗದು. ನಾಲ್ಕನೆಯ ಸಂಪುಟ 1987ರಲ್ಲಿ ಬಂದಾಗ ಅದರ ಒಂದು ಅನುಬಂಧಕ್ಕೆ ವಿರೋಧ ಎದ್ದಿತು. ಪರ-ವಿರೋಧ ಎರಡೂ ಕಡೆಯ ಮೆರವಣಿಗೆಗಳನ್ನು 1988ರ ಆರಂಭದಲ್ಲಿ ಮುಂಬಯಿಯ ಬೀದಿಗಳು ಕಂಡವು. ಕೊನೆಗೆ, ಆ ಅಭಿಪ್ರಾಯಗಳಿಗೆ ಸರಕಾರದ ಸಮ್ಮತಿಯಿಲ್ಲವೆಂಬ ಟಿಪ್ಪಣಿಯೊಂದಿಗೆ ವಿವಾದ ತಣ್ಣಗಾಯಿತು. ಸಂಪುಟ ಉಳಿಯಿತು.

ನಿಜವಾದ ತೊಡಕು ಬಂದದ್ದು ಗದ್ದಲದಿಂದಲ್ಲ, ಆಲಸ್ಯದಿಂದ. ಬೇಡಿಕೆ ಹೆಚ್ಚಿದೆಯೆಂದು ಸರಕಾರ ಸಂಪುಟಗಳ 9 ಲಕ್ಷ ಪ್ರತಿ ಅಚ್ಚು ಹಾಕಲು ನಿರ್ಧರಿಸಿ, 5.45 ಕೋಟಿ ರೂಪಾಯಿಯ ಕಾಗದ ಖರೀದಿಸಿತು. ಆದರೆ ನಾಲ್ಕು ವರ್ಷಗಳಲ್ಲಿ ಅಚ್ಚಾದದ್ದು 33 ಸಾವಿರ, ಓದುಗರಿಗೆ ಸಿಕ್ಕಿದ್ದು 3,675 ಮಾತ್ರ ಎಂದು 2021ರಲ್ಲಿ ‘ಲೋಕಸತ್ತಾ’ ವರದಿ ಮಾಡಿತು. ಅದನ್ನು ಓದಿದ ಬಾಂಬೆ ಹೈಕೋರ್ಟ್, ಯಾರೂ ಅರ್ಜಿ ಹಾಕದಿದ್ದರೂ ಸ್ವಯಂಪ್ರೇರಣೆಯಿಂದ ಆ ವಿಷಯವನ್ನು ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಾಗಿ ಕೈಗೆತ್ತಿಕೊಂಡಿತು. ಕನ್ನಡಿಗರ ಗಮನಕ್ಕೆ: ಹಾಗೆ ಕೈಗೆತ್ತಿಕೊಂಡ ಪೀಠದ ನೇತೃತ್ವ ವಹಿಸಿದ್ದವರು ನಿಪ್ಪಾಣಿಯಲ್ಲಿ ಜನಿಸಿದ ನ್ಯಾಯಮೂರ್ತಿ ಪ್ರಸನ್ನ ವರಾಳೆ. ಅವರ ಅಜ್ಜ ಬಲವಂತರಾವ್ ವರಾಳೆ ಅಂಬೇಡ್ಕರ್ ಅವರ ನಿಕಟವರ್ತಿಯಾಗಿದ್ದವರು. ಮುಂದೆ 2022ರಲ್ಲಿ ಅವರು ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು, 2024ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು.

ಒಂದೇ ಬಾಗಿಲಿನಿಂದ ಪುಸ್ತಕ ಬರಬೇಕೆಂದಾದರೆ, ಆ ಬಾಗಿಲು ಕಾಯುವವನಿಗೆ ನಿದ್ದೆ ಬಂದರೂ ಸಾಕು, ಸಾವಿರಾರು ಮಂದಿ ಹೊರಗೆ ನಿಲ್ಲಬೇಕಾಗುತ್ತದೆ.

ಹಕ್ಕು ಬಿಡುಗಡೆಯಾದ ದಿನ

ಈಗ ಕಾನೂನಿನ ಮಾತು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕ ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ ತೀರುವ ಹೊತ್ತಿಗೆ 1992ರಲ್ಲಿ ಅದನ್ನು ಹಿಗ್ಗಿಸಲಾಯಿತು. ಅಂಬೇಡ್ಕರ್ ನಿಧನರಾದದ್ದು 1956ರಲ್ಲಿ. ಹೀಗಾಗಿ ಅವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2017ರ ಜನವರಿ 1ರಿಂದ ಸಾರ್ವಜನಿಕರ ಸ್ವತ್ತು. 1923ರ ರೂಪಾಯಿಯ ಸಮಸ್ಯೆಯ ಕುರಿತ ಪ್ರಬಂಧ, 1936ರ ‘ಜಾತಿ ವಿನಾಶ’, 1946ರ ಶೂದ್ರರ ಮೂಲದ ಕುರಿತ ಗ್ರಂಥ, 1948ರ ಅಸ್ಪೃಶ್ಯರ ಕುರಿತ ಗ್ರಂಥ ಎಲ್ಲವೂ ಇದರಲ್ಲಿ ಸೇರುತ್ತವೆ.

ಇಲ್ಲೊಂದು ಸೂಕ್ಷ್ಮವಿದೆ, ಸಂಘ ಸಂಸ್ಥೆಗಳು ತಿಳಿದಿರುವುದು ಒಳಿತು. ಲೇಖಕರು ತೀರಿಕೊಂಡ ಮೇಲೆ ಮೊದಲ ಬಾರಿ ಅಚ್ಚಾದ ಕೃತಿಗೆ 60 ವರ್ಷದ ಲೆಕ್ಕ ಶುರುವಾಗುವುದು ಅದು ಅಚ್ಚಾದ ವರ್ಷದಿಂದ. ‘ಬುದ್ಧ ಮತ್ತು ಅವನ ಧಮ್ಮ’ 1957ರಲ್ಲಿ ಬಂತು, ಹಾಗಾಗಿ 2018ರಿಂದ ಮುಕ್ತ. ಮೇಲೆ ಹೇಳಿದ ನಾಲ್ಕನೆಯ ಸಂಪುಟದ ಹಸ್ತಪ್ರತಿ ಬೆಳಕು ಕಂಡದ್ದು 1987ರಲ್ಲಿ, ಅದಕ್ಕೆ 2047ರವರೆಗೆ ಕಾಯಬೇಕು. ಇನ್ನೂ ಮುಖ್ಯವಾದ ವಿಷಯವೆಂದರೆ ಅನುವಾದಕ್ಕೆ ಅದರದ್ದೇ ಆದ ಹಕ್ಕು ಇರುತ್ತದೆ. ಮೂಲ ಮುಕ್ತವಾಯಿತೆಂದು ಯಾರೋ ಶ್ರಮಪಟ್ಟು ಮಾಡಿದ ಕನ್ನಡ ಅನುವಾದವನ್ನು ಎತ್ತಿಕೊಳ್ಳುವಂತಿಲ್ಲ. ಅವರ ಒಪ್ಪಿಗೆ ಬೇಕು, ಇಲ್ಲವೇ ಹೊಸದಾಗಿ ಅನುವಾದಿಸಬೇಕು.

ಇಂಗ್ಲಿಷ್ ಓದುಗರಿಗೆ ಈಗ ಕೊರತೆಯಿಲ್ಲ. ಅಂಬೇಡ್ಕರ್ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊ. ಫ್ರಾನ್ಸಿಸ್ ಪ್ರಿಚೆಟ್ ಅವರು ‘ಜಾತಿ ವಿನಾಶ’ದ ಟಿಪ್ಪಣಿಸಹಿತ ಆವೃತ್ತಿಯನ್ನು ಎಲ್ಲರೂ ಓದುವಂತೆ ಅಂತರ್ಜಾಲದಲ್ಲಿ ಇಟ್ಟರು. ಭಾರತದ ವಿದೇಶಾಂಗ ಸಚಿವಾಲಯ ಕೂಡ ಇಂಗ್ಲಿಷ್ ಸಂಪುಟಗಳ ಪ್ರತಿಗಳನ್ನು ಹಾಗೆಯೇ ಒದಗಿಸಿತು. ಕನ್ನಡದಲ್ಲಿ ದುರ್ಲಭವಾಗಿರುವುದು ಮರಾಠಿ ಪತ್ರಿಕೆಗಳಲ್ಲಿ ಅವರು ಬರೆದ ಸಂಪಾದಕೀಯಗಳು. ಇಂಗ್ಲಿಷಿನ ಅಂಬೇಡ್ಕರ್ ವಿದ್ವಾಂಸರೊಡನೆ ವಾದ ಹೂಡುವವರು. ಮರಾಠಿಯ ಅಂಬೇಡ್ಕರ್ ಪರಳ್, ನಾಯಗಾಂವ್‌ನ ಗಿರಣಿ ಕಾರ್ಮಿಕನೊಡನೆ ಚಾವಡಿಯಲ್ಲಿ ಕುಳಿತು ಮಾತಾಡುವವರು. ಗಾದೆ, ಕುಟುಕು, ಸಂತರ ಅಭಂಗದ ನೆನಪು, ಎಲ್ಲವೂ ಅದರಲ್ಲಿದೆ. ಮಹಾರಾಷ್ಟ್ರ ಸರಕಾರ 1990ರಲ್ಲೇ ‘ಬಹಿಷ್ಕೃತ ಭಾರತ’ ಮತ್ತು ‘ಮೂಕನಾಯಕ’ದ ಸಂಚಿಕೆಗಳನ್ನು ಸೇರಿಸಿ ಒಂದು ದೊಡ್ಡ ಗ್ರಂಥ ತಂದಿತ್ತು. ಅದನ್ನು ಇಂಗ್ಲಿಷಿನ ಮೂಲಕ ಸುತ್ತಿ ಬಳಸಿ ಕನ್ನಡಕ್ಕೆ ತರುವುದಕ್ಕಿಂತ ನೇರ ಮರಾಠಿಯಿಂದ ತರುವುದೇ ಸರಿ. ಬೆಳಗ್ಗೆ ತರಕಾರಿ ಅಂಗಡಿಯಲ್ಲಿ ಮರಾಠಿ, ಸಂಜೆ ಸಂಘದ ಸಭೆಯಲ್ಲಿ ಕನ್ನಡ ಆಡುವವರಿಗೆ ಅದು ಒಗ್ಗುವ ಕೆಲಸ.

ಭಜನಾ ಮಂಡಳಿಯ ಪುಸ್ತಕದಂತೆ

ಅನುವಾದ ಮಾಡಿದ ಮೇಲೆ ಹಂಚುವುದು ಹೇಗೆ? ಇಲ್ಲಿ ಬರುತ್ತದೆ ಮುಕ್ತ ತಂತ್ರಾಂಶ ಮತ್ತು ಮುಕ್ತ ಪ್ರಕಟಣೆಯ ವಿಚಾರ. ಹೆಸರು ಹೊಸದು, ರೂಢಿ ನಮಗೆ ಹಳೆಯದು. ಮುಂಬಯಿಯ ಯಾವುದೇ ಭಜನಾ ಮಂಡಳಿಯನ್ನು ನೋಡಿ. ಒಬ್ಬರು ಊರಿನಿಂದ ಒಂದು ಹಾಡು ತರುತ್ತಾರೆ. ಉಳಿದವರು ತಮ್ಮ ತಮ್ಮ ಪುಸ್ತಕಕ್ಕೆ ಬರೆದುಕೊಳ್ಳುತ್ತಾರೆ. ತಪ್ಪಿದ್ದರೆ ಹಿರಿಯರು ತಿದ್ದುತ್ತಾರೆ, ತಿದ್ದಿದ್ದು ಎಲ್ಲರ ಪುಸ್ತಕಕ್ಕೂ ಹೋಗುತ್ತದೆ. ಡೊಂಬಿವಲಿಯ ಮಂಡಳಿಯಿಂದ ಅದು ಮೀರಾ ರೋಡಿನದಕ್ಕೆ ಹಬ್ಬುತ್ತದೆ. ಕಂಪ್ಯೂಟರಿನ ತಂತ್ರಾಂಶವನ್ನು ಹೀಗೆಯೇ ಬಿಚ್ಚಿಟ್ಟು, ನೋಡಿ, ತಿದ್ದಿ, ಹಂಚಿ ಎಂದರೆ ಅದು ಮುಕ್ತ ತಂತ್ರಾಂಶ. ಬರಹವನ್ನು ಹಾಗೆ ಬಿಟ್ಟುಕೊಡಲು ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಗಳು 2002ರಿಂದ ಬಳಕೆಯಲ್ಲಿವೆ. ಹೆಸರು ಹೇಳಿ ಬಳಸಿ, ಬಳಸಿದ್ದನ್ನು ಇದೇ ಷರತ್ತಿನ ಮೇಲೆ ಮುಂದಕ್ಕೆ ಕೊಡಿ ಎನ್ನುವುದು ಅವುಗಳಲ್ಲಿ ಹೆಚ್ಚು ಪ್ರಚಲಿತ. ಲೇಖಕನ ಹೆಸರು ಅಳಿಯುವುದಿಲ್ಲ, ಪುಸ್ತಕ ಮಾರುವುದಕ್ಕೂ ಅಡ್ಡಿಯಿಲ್ಲ.

ಕನ್ನಡದಲ್ಲಿ ಇದಕ್ಕೆ ಮೇಲ್ಪಂಕ್ತಿಗಳಿವೆ. 2014ರಲ್ಲಿ ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಈ ಪರವಾನಗಿಯಡಿ ಬಿಟ್ಟುಕೊಟ್ಟಿತು. ಅದೇ ವರ್ಷ ಸಾಹಿತಿ ನಿರಂಜನರ 55 ಕೃತಿಗಳನ್ನು ಅವರ ಮಕ್ಕಳು ಮುಕ್ತಗೊಳಿಸಿದರು. ಕಾಸರಗೋಡು ಕಡೆಯ ಕಯ್ಯೂರಿನ ರೈತ ಹೋರಾಟವನ್ನು ಕನ್ನಡಕ್ಕೆ ತಂದುಕೊಟ್ಟವರು ಈ ನಿರಂಜನರೇ. ಕೃತಿಸ್ವಾಮ್ಯದ ಗೌರವಧನಕ್ಕಿಂತ ಓದುಗ ದೊಡ್ಡವನೆಂದು ಬಗೆದ ಆ ಕುಟುಂಬದ ನಿರ್ಧಾರ ಸಣ್ಣದಲ್ಲ. ‘ವಚನ ಸಂಚಯ’ವಂತೂ ಇನ್ನೂ ಮುಂದೆ ಹೋಯಿತು. ಒ.ಎಲ್. ನಾಗಭೂಷಣ ಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮತ್ತು ಗೆಳೆಯರು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು, ಒಂದು ಪದ ಕೊಟ್ಟರೆ ಅದು ಯಾರ ಯಾವ ವಚನದಲ್ಲಿದೆಯೆಂದು ಹುಡುಕುವಂತೆ ಅಣಿಗೊಳಿಸಿದರು. ಮಾದಾರ ಚೆನ್ನಯ್ಯ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆಯವರ ಮಾತು ಈಗ ವಿದ್ವಾಂಸರ ಕಪಾಟಿಗೆ ಸೀಮಿತವಲ್ಲ.

ವಚನಗಳ ಮಾತು ಬಂದಾಗ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಮುಂದೆ ಹೋಗಲಾಗದು. ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿದ ಈ ವಕೀಲರು ವಿಜಾಪುರದಲ್ಲಿ ಮನೆ ಮನೆ ಅಲೆದು ತಾಳೆಗರಿ ಸಂಗ್ರಹಿಸಿ, ‘ವಚನಶಾಸ್ತ್ರಸಾರ’ವನ್ನು 1923ರಲ್ಲಿ ತಂದರು. ಬೇರೆಯವರ ಅಚ್ಚುಕೂಟಗಳನ್ನು ನೆಚ್ಚಿ ಸಾಕಾಗಿ, ತಮ್ಮದೇ ‘ಹಿತಚಿಂತಕ’ ಮುದ್ರಣಾಲಯ ತೆರೆದರು. ಇದಕ್ಕಾಗಿ ಮನೆಯನ್ನೇ ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅದೇ ಮುಂಬಯಿ ಪ್ರಾಂತದ ಇನ್ನೊಂದು ತುದಿಯಲ್ಲಿ ಇನ್ನೊಬ್ಬ ವಕೀಲರು ‘ಬಹಿಷ್ಕೃತ ಭಾರತ’ಕ್ಕೆ ಅಣಿಯಾಗುತ್ತಿದ್ದ ಕಾಲವದು.

ಅಕ್ಷರ ಇದೆ, ಓದಲಾಗದು

ಸಾಧನಗಳ ವಿಚಾರಕ್ಕೆ ಬರೋಣ. ಸಂಘಗಳ ಸ್ಮರಣ ಸಂಚಿಕೆ, ಮಾಸಪತ್ರಿಕೆ, ಕವನ ಸಂಕಲನಗಳು ಬಹುಕಾಲ ಹಳೆಯ ನುಡಿ, ಬರಹ, ಶ್ರೀಲಿಪಿ ಅಕ್ಷರಗಳಲ್ಲಿ ಸಿದ್ಧವಾದವು. ಅಚ್ಚಿಗೆ ಅವು ಚೆನ್ನ. ಆದರೆ ಕಂಪ್ಯೂಟರಿನ ಒಳಗೆ ಆ ಕನ್ನಡ ಕನ್ನಡವಾಗಿ ಇರುವುದಿಲ್ಲ, ಇಂಗ್ಲಿಷ್ ಚಿಹ್ನೆಗಳಿಗೆ ಕನ್ನಡದ ವೇಷ ತೊಡಿಸಿದಂತಿರುತ್ತದೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಬೀಳುತ್ತದೆ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಜಾಗವಿರುವುದರಿಂದ ಈ ತೊಂದರೆಯಿಲ್ಲ. ಇನ್ನು ಪುಟಗಳನ್ನು ಸ್ಕ್ಯಾನ್ ಮಾಡಿಟ್ಟರೆ ಅದು ಬರೀ ಚಿತ್ರ. ಕಣ್ಣಿಗೆ ಕಾಣುತ್ತದೆ, ಹುಡುಕಲು ಬರುವುದಿಲ್ಲ.

ಕಣ್ಣಿಗೆ ಕಾಣುತ್ತದೆ ಎನ್ನುವುದಾದರೂ ಯಾರ ಕಣ್ಣಿಗೆ? ದಾದರ್ ಪೂರ್ವದಲ್ಲೇ ಅಂಧ ಬಾಲಕಿಯರ ಶಾಲೆಯೊಂದಿದೆ. ಅಮೆರಿಕದ ಮಿಶನರಿ ಆನ್ನಾ ಮಿಲ್ಲರ್ಡ್ 1900ರಲ್ಲಿ ಆರಂಭಿಸಿದ ಈ ಸಂಸ್ಥೆ ಇಂದು ಕಮಲಾ ಮೆಹ್ತಾ ದಾದರ್ ಅಂಧರ ಶಾಲೆ ಎಂದು ಹೆಸರಾಗಿದೆ. ದೃಷ್ಟಿಯಿಲ್ಲದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶಗಳಿವೆ. ಅವುಗಳಲ್ಲಿ ‘ಎನ್‌ವಿಡಿಎ’ ಎಂಬುದು ಮುಕ್ತ ತಂತ್ರಾಂಶ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಆರಂಭಿಸಿ, ಜೇಮ್ಸ್ ಟೆ ಅವರೊಡಗೂಡಿ ಬೆಳೆಸಿದ್ದು, ಇಬ್ಬರಿಗೂ ದೃಷ್ಟಿಯಿಲ್ಲ. ಆ ತನಕ ಇಂಥ ತಂತ್ರಾಂಶಗಳ ಬೆಲೆ ಬಡವರ ಎಟುಕಿಗೆ ಮೀರಿದ್ದಾಗಿತ್ತು. ಇದರ ಜೊತೆಗಿರುವ ‘ಇ-ಸ್ಪೀಕ್’ ಕನ್ನಡವನ್ನೂ ಉಚ್ಚರಿಸುತ್ತದೆ. ದನಿ ಯಾಂತ್ರಿಕ, ಆದರೆ ಕನ್ನಡ ಹೌದು. ಯುನಿಕೋಡ್‌ನಲ್ಲಿ ಬರೆದ ಪುಟ ಕೊಟ್ಟರೆ ಓದುತ್ತದೆ. ಹಳೆಯ ನುಡಿಯ ಕಡತ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರುತ್ತದೆ. ಚಿತ್ರ ಕೊಟ್ಟರೆ ಮೌನ. ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ಅಂಗವಿಕಲರು ಬಳಸಬಹುದಾದ ರೂಪಕ್ಕೆ ಯಾವುದೇ ಪುಸ್ತಕವನ್ನು ಪರಿವರ್ತಿಸಿ ಲಾಭವಿಲ್ಲದೆ ಕೊಡಲು ಅವಕಾಶ ನೀಡಿದೆ. ಇದೇ ಉದ್ದೇಶದ ಮರ‍್ರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶವೂ ಭಾರತವೇ. ಕಾಯ್ದೆ ಮುಂದಿದೆ, ನಮ್ಮ ಕಡತಗಳು ಹಿಂದಿವೆ.

ಚಿತ್ರವನ್ನು ಅಕ್ಷರವಾಗಿಸುವ ‘ಟೆಸೆರಾಕ್ಟ್’ ಎಂಬ ತಂತ್ರಾಂಶವನ್ನು ಎಚ್‌ಪಿ ಕಂಪೆನಿ 2005ರಲ್ಲಿ ಮುಕ್ತಗೊಳಿಸಿತು, ಮುಂದೆ ಗೂಗಲ್ ಬೆಳೆಸಿತು. ಅದು ಕನ್ನಡವನ್ನೂ ಗುರುತಿಸುತ್ತದೆ. ಒತ್ತಕ್ಷರಗಳಲ್ಲಿ ಎಡವುತ್ತದೆ, ಹಳೆಯ ಮೊಳೆ ಅಚ್ಚಿನ ಮುಂದೆ ತಡಬಡಿಸುತ್ತದೆ. ಹಾಗಾಗಿ ಮನುಷ್ಯರೇ ಕರಡು ತಿದ್ದಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಇದಕ್ಕೆ ವ್ಯವಸ್ಥೆಯಿದೆ. ಪುಟದ ಚಿತ್ರ ಒಂದು ಬದಿ, ಅಕ್ಷರ ಇನ್ನೊಂದು ಬದಿ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ನಿವೃತ್ತ ಶಿಕ್ಷಕರು, ಬ್ಯಾಂಕಿನಿಂದ ನಿವೃತ್ತರಾದವರು, ಮನೆಯಲ್ಲಿ ಮಧ್ಯಾಹ್ನ ಒಂದು ಗಂಟೆ ಬಿಡುವಿರುವ ಗೃಹಿಣಿಯರು ದಿನಕ್ಕೆ ಎರಡು ಪುಟ ನೋಡಬಲ್ಲರು. ಅಂದವಾದ ಮುಕ್ತ ಅಕ್ಷರಶೈಲಿಗಳಿಗೂ ಬರವಿಲ್ಲ. ಮುಂಬಯಿಯದೇ ಆದ ‘ಏಕ್ ಟೈಪ್’ ಬಳಗ ರೂಪಿಸಿದ ‘ಬಾಲೂ’ ಅಕ್ಷರದ ಕನ್ನಡ ರೂಪಕ್ಕೆ ‘ಬಾಲೂ ತಮ್ಮ’ ಎಂದೇ ಹೆಸರು. ಅದೂ ಎಲ್ಲರಿಗೂ ಉಚಿತ.

ನಮ್ಮದೇ ಕಪಾಟಿನಲ್ಲಿ

ಅಂಬೇಡ್ಕರ್ ಬರಹಗಳಿಗಷ್ಟೇ ಈ ಮಾತು ಸೀಮಿತವಲ್ಲ. ಮುಂಬಯಿಗೆ ವಲಸೆ ಬಂದ ಕನ್ನಡಿಗರು, ತುಳುವರು ಕೂಡ ತಮ್ಮನ್ನು ಒಳಗೆ ಬಿಟ್ಟುಕೊಳ್ಳದ ಕಡೆ ತಾವೇ ಬಾಗಿಲು ಕೊರೆದುಕೊಂಡವರು. ಹಗಲು ಹೊಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತ ಹುಡುಗರು ಮುಂದೆ ಸಂಘ ಕಟ್ಟಿದರು, ಪತ್ರಿಕೆ ನಡೆಸಿದರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದಿನದು. ಅದರ ‘ಮೊಗವೀರ’, ಬಿಲ್ಲವರ ಅಸೋಸಿಯೇಶನ್ನಿನ ‘ಅಕ್ಷಯ’ ಮಾಸಿಕಗಳ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರಿಲ್ಲ. ಯಾವ ಮುಖ್ಯವಾಹಿನಿಯ ಪತ್ರಿಕೆಯೂ ಬರೆಯದಿದ್ದ ಮೀನುಗಾರರ, ಮೂರ್ತೆಗಾರರ, ಕ್ಯಾಂಟೀನ್ ಹುಡುಗರ ಬದುಕು ಇಂಥ ಪತ್ರಿಕೆಗಳ ಪುಟಗಳಲ್ಲಿದೆ. ಮಾಟುಂಗಾದ ಮೈಸೂರು ಅಸೋಸಿಯೇಶನ್ನಿಗೆ 1926ರಿಂದ ಇತಿಹಾಸವಿದೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ 1978ರಿಂದ ಇಲ್ಲಿನ ಕನ್ನಡಿಗರ ಕುರಿತು ಸಂಶೋಧನೆ ನಡೆಸಿ ಪ್ರಕಟಿಸುತ್ತ ಬಂದಿದೆ.

ಸಂಘದ ಪತ್ರಿಕೆಗೆ ಸಂಘವೇ ಪ್ರಕಾಶಕ. ಲೇಖಕರ ಸಮ್ಮತಿ ಪಡೆದು ಹಳೆಯ ಸಂಚಿಕೆಗಳನ್ನು ಮುಕ್ತ ಪರವಾನಗಿಯಡಿ ಕೊಡಲು ಸರಕಾರದ ಅನುದಾನ ಬೇಡ, ಮಂತ್ರಿಗಳ ಉದ್ಘಾಟನೆಯೂ ಬೇಡ, ಕಾರ್ಯಕಾರಿ ಸಮಿತಿಯ ಒಂದು ಠರಾವು ಸಾಕು. ಸಮ್ಮತಿ ಸಿಗದ ಬರಹವನ್ನು ಬಿಡುವುದು ಲೇಸು; ಹಕ್ಕಿನ ವಿಷಯದಲ್ಲಿ ಉದಾರತೆ ತೋರಬೇಕಾದದ್ದು ಹಕ್ಕುದಾರರೇ ಹೊರತು ಬಳಸುವವರಲ್ಲ.

ಹೊಸ ಪ್ರಕಟಣೆಗಳಿಗೆ ಇನ್ನೂ ಸುಲಭ. ಸ್ಮರಣ ಸಂಚಿಕೆಯನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿಸುವಂತೆ ಮುದ್ರಕರಿಗೆ ಮೊದಲೇ ಹೇಳಬೇಕು, ಅಚ್ಚಿನ ಜೊತೆ ಕಡತವನ್ನೂ ಕೇಳಿ ಪಡೆಯಬೇಕು. ಎರಡನೆಯ ಪುಟದಲ್ಲಿ ವಾಡಿಕೆಯಂತೆ ಅಚ್ಚಾಗುವ ‘ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ’ ಎಂಬ ಸಾಲನ್ನು ಸಮಿತಿ ಒಮ್ಮೆ ಓದಿ ನೋಡಬೇಕು. ಅನುವಾದಕ್ಕೆ ಮನಸ್ಸು ಮಾಡುವವರು ‘ಮೂಕನಾಯಕ’ದ ಮೊದಲ ಸಂಚಿಕೆಯ ಅಗ್ರಲೇಖನದಿಂದ ಆರಂಭಿಸಬಹುದು. ಅದು ಬಂದು 100 ವರ್ಷ ದಾಟಿದೆ, ಯಾರ ಅಪ್ಪಣೆಯೂ ಬೇಕಿಲ್ಲ.